ಬೆಳ್ಳುಳ್ಳಿ ಜಜ್ಜುವ ಉತ್ತರ ಬಾಗಿಲು

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಗ್ಯಾಸ್ ಒಲೆಗೂ ಉಪ್ಪಿನ ಜಾಡಿಗೂ ನಡುವೆ, ಒಂದು ದೊಡ್ಡ ಪಟ್ಟಣದ ಉತ್ತರ ದಿಕ್ಕಿನ ಬಾಗಿಲಿದೆ. ನಗಬೇಡಿ. ನೋಡಿದವರಿಗೆ ಅದು ನಡುವೆ ಕುಳಿ ಇರುವ ಒಂದು ಕರಿಕಲ್ಲು, ಪುಟ್ಟ ಒರಳು, ಅಷ್ಟೇ. ನಾನು ದಿನಾ ಅದರಲ್ಲಿ ಬೆಳ್ಳುಳ್ಳಿ ಜಜ್ಜುತ್ತೇನೆ. ಮೊನ್ನೆ ನನ್ನ ಸೊಸೆ, “ಮಿಕ್ಸಿ ಇದೆಯಲ್ಲ ಅತ್ತೆ, ಈ ಕಲ್ಲು ಸುಮ್ಮನೆ ಜಾಗ ತಿನ್ನುತ್ತೆ, ಹಿತ್ತಲಿಗೆ ಹಾಕೋಣವಾ?” ಎಂದಳು. ನಾನು ಗಾಬರಿಯಿಂದ, “ಬಾಗಿಲನ್ನು ಯಾರಾದರೂ ಹಿತ್ತಲಿಗೆ ಹಾಕ್ತಾರೇನೆ?” ಅಂದುಬಿಟ್ಟೆ. ಅತ್ತೆಗೆ ವಯಸ್ಸಾಯಿತು ಅಂದುಕೊಂಡಳೋ ಏನೋ, ಪಾಪ, ಸುಮ್ಮನಾದಳು. ವಯಸ್ಸಾಗಿರುವುದು ನಿಜವೇ. ಆದರೆ ಆ ಕಲ್ಲಿನ ವಿಷಯದಲ್ಲಿ ನನ್ನ ಬುದ್ಧಿ ನೆಟ್ಟಗಿದೆ.

ಈ ಬಾಗಿಲಿನ ಕಥೆ ಹೇಳಬೇಕಾದರೆ ನಮ್ಮಪ್ಪನಿಂದಲೇ ಶುರು ಮಾಡಬೇಕು. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಮೇಲೆ, ಜೀರಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಪ್ಪ ಅರಿಶಿನ, ಜೋಳ ಬೆಳೆಯುತ್ತಿದ್ದ. ಅದು ಹೊಟ್ಟೆಪಾಡು. ಊರಿನ ಲೆಕ್ಕದಲ್ಲಿ ಅವನ ನಿಜವಾದ ಕೆಲಸವೆಂದರೆ ಶ್ರಾವಣ ಮಾಸದಲ್ಲಿ ಪುರಾಣಕ್ಕೆ ಅರ್ಥ ಹೇಳುವುದು. ನಮ್ಮ ಮುತ್ತಜ್ಜ ಯಾರೋ ಕೈಯಲ್ಲಿ ಬರೆದಿಟ್ಟ ಒಂದು ದಪ್ಪ ಕಟ್ಟು ಮನೆಯಲ್ಲಿತ್ತು. ಬೇಟೆಗೆ ಹೋಗಿ ದಾರಿ ತಪ್ಪಿದ ಅರಸನೊಬ್ಬ ಕಾಡಿನ ನಡುವೆ ನಾಲ್ಕು ಬಾಗಿಲಿನ ಪಟ್ಟಣ ಕಂಡು, ಒಳಗೆ ಹೋಗಲು ಒದ್ದಾಡುವ ಕಥೆ ಅದು. ಶ್ರಾವಣದ ನಾಲ್ಕು ಸೋಮವಾರ, ಸೋಮವಾರಕ್ಕೊಂದು ಬಾಗಿಲಿನಂತೆ ಗುಡಿಯ ಪಡಸಾಲೆಯಲ್ಲಿ ಓದಿಸುತ್ತಿದ್ದರು. ಬೇರೆ ಊರುಗಳಲ್ಲಿ ಪುರಾಣ ರಾತ್ರಿ ಊಟವಾದ ಮೇಲೆ ನಡೆಯುತ್ತದಂತೆ. ನಮ್ಮಲ್ಲಿ ಮಧ್ಯಾಹ್ನ. ಹೊತ್ತು ಇಳಿಯುವಷ್ಟರಲ್ಲಿ ಗಂಡಸರೆಲ್ಲ ಹೊಲದ ಅಟ್ಟಣೆ ಹತ್ತಿ ಆನೆ ಕಾಯಬೇಕಿತ್ತಲ್ಲ!

ಈ ಓದಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಓದುವ ಬಾಯಿ ಬೇರೆ, ಅರ್ಥ ಹೇಳುವ ಬಾಯಿ ಬೇರೆ. ಓದುವವನು ಅರ್ಥ ಹೇಳಬಾರದು, ಅರ್ಥ ಹೇಳುವವನು ಓದಬಾರದು. ಅರ್ಥ ಬರುವವರೆಗೂ ಓದುವವನು ಹಾಳೆ ತಿರುಗಿಸುವಂತಿಲ್ಲ, ಅದೇ ಸಾಲನ್ನು ಮತ್ತೆ ಮತ್ತೆ ಓದುತ್ತಿರಬೇಕು. ಅರ್ಥ ಹೇಳುವುದು ನಮ್ಮಪ್ಪ. ಓದುವುದು ಅವನ ಸ್ವಂತ ತಮ್ಮ, ನನ್ನ ಚಿಕ್ಕಪ್ಪ ನಾಗ. ಚಿಕ್ಕಪ್ಪ ಊರಿನ ಅಂಚೆ ಹಂಚುತ್ತಿದ್ದ. ಕನ್ನಡವಿರಲಿ ತಮಿಳಿರಲಿ, ಎಂಥ ಕಾಗೆ ಕಾಲಿನ ಬರಹವನ್ನಾದರೂ ಓದಿಬಿಡುತ್ತಿದ್ದ. ಮುತ್ತಜ್ಜನ ಕೊಂಡಿ ಕೊಂಡಿ ಅಕ್ಷರ ಅವನೊಬ್ಬನಿಗೇ ದಕ್ಕಿತ್ತು.

ಅಪ್ಪನ ಅರ್ಥ ಎಂದರೆ ಎಲ್ಲವೂ ಒಳಗೆ. ನಾಲ್ಕು ಬಾಗಿಲು ಎಂದರೆ ನಾಲ್ಕು ಅವಸ್ಥೆ: ಎಚ್ಚರ, ಕನಸು, ಗಾಢನಿದ್ದೆ, ಅದರಾಚೆಯ ತುರ್ಯ. ಅರಸ ಎಂದರೆ ಜೀವ. ಅವನ ಕುದುರೆ ಉಸಿರು, ಕತ್ತಿ ನಾಲಿಗೆ. ಕಾಡು ಕೂಡ ಕಾಡಲ್ಲ, ನಮ್ಮ ತಲೆ. “ಒರಗೆ ಏನೂ ಇಲ್ಲ ಕಣ್ರಪ್ಪೋ, ಎಲ್ಲಾ ಇಲ್ಲೇ ಅದೆ” ಎಂದು ಎದೆ ತಟ್ಟಿಕೊಂಡರೆ, ಒಂದು ಬಾಗಿಲು ಮುಗಿಯುವಷ್ಟರಲ್ಲಿ ಅವನ ಬಿಳಿ ಅಂಗಿಯ ಮೇಲೆ ಅರಿಶಿನದ ಬೆರಳುಗಳು ಮೂಡಿರುತ್ತಿದ್ದವು. ಮೂರನೆಯ ಸೋಮವಾರ ಗಾಢನಿದ್ದೆಯ ಬಾಗಿಲು. ಮುದ್ದೆ, ಹುರುಳಿಕಾಳಿನ ಸಾರು ಉಂಡು ಬಂದ ಜನ ಅಷ್ಟು ಹೊತ್ತಿಗೆ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದರು. ಅಪ್ಪ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. “ನೋಡಿ, ಬಾಗ್ಲೊಳಗೆ ಓಗೇಬುಟ್ಟವ್ರೆ” ಎಂದು ಅವರನ್ನೇ ಸಾಕ್ಷಿಗೆ ತೋರಿಸುತ್ತಿದ್ದ.

ಮೊದಲನೆಯ ಬಾಗಿಲಲ್ಲಿ ಒಂದು ಮದ್ದಾನೆ ಬರುತ್ತದೆ. ಅಪ್ಪ ಹೇಳುತ್ತಿದ್ದ: ಅದು ಆನೆಯಲ್ಲ, ನಮ್ಮೊಳಗಿನ ಮದ. ಒಂದು ವರ್ಷ ಆ ಹೊತ್ತಿಗೆ ಸರಿಯಾಗಿ, ಕಾಡಂಚಿನ ಹಾಡಿಯ ಸೋಲಿಗರ ಕೇತಣ್ಣ ಎದ್ದು ನಿಂತ. ಕೇತಣ್ಣ ಚಿಕ್ಕಪ್ಪನ ಗೆಳೆಯ, ಜೇನು ಬಿಡಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

“ಯಜಮಾನ್ರೇ, ಅಂಗಾರೆ ಮೊನ್ನೆ ನನ್ನ ಜೋಳ ಮೇದಿದ್ದು ಯಾರ ಮದ?”

“ನಿನ್ನ ಒಲಕ್ಕೆ ಬಂದಿದ್ದು ಆನೆ ಕಣ ಕೇತ. ಪುರಾಣಕ್ಕೆ ಬಂದಿರೋದು ಮದ.”

“ಆಯ್ತು ಬುಡಿ. ಒಟ್ನಲ್ಲಿ ಎರಡೂ ಬೆಳೆ ಉಳಿಸ್ನಿಲ್ಲ” ಎಂದು ಕೇತಣ್ಣ ಕೂತ. ಪಡಸಾಲೆಯೆಲ್ಲ ನಕ್ಕಿತು, ಅಪ್ಪನೂ ನಕ್ಕ.

ಇಂಥ ಅಪ್ಪನ ಮಗಳಾಗಿ ಬೆಳೆಯುವುದು ಸುಲಭವಲ್ಲ ನೋಡಿ. ಒಮ್ಮೆ ಗಡಿಗೆಯ ಬೆಲ್ಲ ಖಾಲಿಯಾಗಿತ್ತು. ಅವ್ವ ನನ್ನನ್ನು ಹಿಡಿದು ನಿಲ್ಲಿಸಿ, “ಬೆಲ್ಲ ಎಲ್ಲೆ?” ಎಂದಳು. ನಾನು ಎದೆ ತಟ್ಟಿಕೊಂಡು, “ಒರಗೆ ಏನೂ ಇಲ್ಲ ಕಣವ್ವ, ಎಲ್ಲಾ ಇಲ್ಲೇ ಅದೆ” ಅಂದೆ. ಅಪ್ಪ ಜಗಲಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವ್ವ ನಗಲಿಲ್ಲ. ಅವಳ ಏಟು ಮಾತ್ರ ಹೊರಗೇ ಬಿತ್ತು, ಬೆನ್ನ ಮೇಲೆ.

ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನೂ ಅಪ್ಪ ಬಿಟ್ಟಿರಲಿಲ್ಲ. ಸತ್ಯಮಂಗಲಕ್ಕೆ ಬಸ್ಸಿನಲ್ಲಿ ಹೋಗಿ ಬರುವಾಗ ಪ್ರತಿ ತಿರುವಿಗೂ ಒಂದೊಂದು ಮೆಟ್ಟಿಲು ಲೆಕ್ಕ ಹಾಕುತ್ತಿದ್ದ: ಹತ್ತುವುದೆಂದರೆ ಜೀವ ಎಚ್ಚರದಿಂದ ತುರ್ಯಕ್ಕೆ ಏರುವುದು. ನಾನು ಪ್ರತಿ ಸಲ ಒಂಬತ್ತನೆಯ ಮೆಟ್ಟಿಲಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದೆ. ಕಂಡಕ್ಟರ್ ಬಂದು, “ಪೆರಿಯವರೇ, ಪಾಪ್ಪಾವೆ ಜನ್ನಲ್ ಪಕ್ಕಂ ಉಕ್ಕಾರ ವೈಂಗ” ಎಂದು, ಮಗುವನ್ನು ಕಿಟಕಿ ಪಕ್ಕ ಕೂರಿಸುವಂತೆ ಬೈಯುತ್ತಿದ್ದ. ಅಪ್ಪ ನನ್ನ ಬೆನ್ನು ಸವರುತ್ತಾ, “ಓಗ್ಲಿ ಬುಡು ಮಗ, ಒಳಗಿನ ಕಸ ಓಯ್ತು” ಎನ್ನುತ್ತಿದ್ದ. ನನಗೆ ಆಗ ತುರ್ಯವೂ ಬೇಡವಾಗಿತ್ತು, ಇಡ್ಲಿಯೂ ಬೇಡವಾಗಿತ್ತು.

ಚಿಕ್ಕಪ್ಪನದು ಇದಕ್ಕೆ ತದ್ವಿರುದ್ಧ ಸ್ವಭಾವ. ಅವನಿಗೆ ಬರೆದದ್ದು ಬರೆದದ್ದೇ. ವಿಳಾಸ ಎಂದಿದ್ದ ಮೇಲೆ ಮನೆ ಇರಲೇಬೇಕು. ಅಂಚೆಯವನಲ್ಲವೇ! ಪುರಾಣದಲ್ಲಿ ಪಟ್ಟಣದ ಗುರುತುಗಳೆಲ್ಲ ಇದ್ದವು: ಇಂಥ ಹಳ್ಳ, ಇಂಥ ಜೋಡಿ ಬಂಡೆ, ಅದರ ಬಡಗಲಿಗೆ, ಅಂದರೆ ಉತ್ತರಕ್ಕೆ, ಇಷ್ಟು ನಡಿಗೆ. ನಾನು ಹೈಸ್ಕೂಲಿಗೆ ಸೇರಿದ ವರ್ಷ, ಅವನು ಕೇತಣ್ಣನನ್ನು ಕರೆದುಕೊಂಡು ತಾಳಮಲೆ ಕಡೆಯ ಕಾಡಿಗೆ ನಡೆದ. ಮೂರು ದಿನ ಪತ್ತೆಯಿಲ್ಲ. ನಾಲ್ಕನೆಯ ದಿನ ಸೋಮವಾರ, ಶ್ರಾವಣದ ಕೊನೆಯ ಬಾಗಿಲು. ಜನ ಸೇರಿದ್ದಾಗಲೇ ಚಿಕ್ಕಪ್ಪ ಹೆಗಲ ಮೇಲೆ ಒಂದು ಕಲ್ಲು ಹೊತ್ತುಕೊಂಡು ಪಡಸಾಲೆ ಹತ್ತಿದ. ಮೈಯೆಲ್ಲ ಮುಳ್ಳಿನ ಗೀರು, ಮುಖದಲ್ಲಿ ಹಬ್ಬ.

“ಅಣ್ಣ, ಸಿಕ್ತು! ಉತ್ತರದ ಬಾಗ್ಲು. ಬಾಗ್ಲು ತಿರುಗೋ ಕುಳಿ ಇದು, ನೋಡಿಲ್ಲಿ.”

ಹಿಂದೆಲ್ಲ ದೊಡ್ಡ ಬಾಗಿಲಿಗೆ ಕೀಲು ಇರುತ್ತಿರಲಿಲ್ಲ. ಬಾಗಿಲಿನ ಕೆಳಮೂಲೆಯ ಗೂಟ ನೆಲದ ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತಿತ್ತು. ಚಿಕ್ಕಪ್ಪ ಹೇಳುತ್ತಿದ್ದುದು ಅದನ್ನೇ. ಅಪ್ಪ ಕಲ್ಲನ್ನು ಎತ್ತಿ, ತಿರುಗಿಸಿ, ಕುಳಿಯೊಳಗೆ ಬೆರಳು ಹಾಕಿ ಬಹಳ ಹೊತ್ತು ನೋಡಿದ. ಆಮೇಲೆ ಊರೆಲ್ಲ ಕೇಳುವಂತೆ ಹೇಳಿದ:

“ಇದು ಒರಳು ಕಣ್ಲಾ. ಮೂರು ದಿನ ಕಾಡು ಸುತ್ತಿ ಮೆಣಸಿನಕಾಯಿ ಕುಟ್ಟೋ ಒರಳು ಒತ್ಕೊಂಡು ಬಂದಿದೀಯಲ್ಲ!”

ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಚಿಕ್ಕಪ್ಪ ನಗಲಿಲ್ಲ. ಕಲ್ಲನ್ನು ನಮ್ಮ ಅಂಗಳದಲ್ಲಿ ಎಸೆದು, ಬೀದಿಯ ಆಚೆ ಬದಿಯ ತನ್ನ ಮನೆಗೆ ಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಅವ್ವ ಒಂದು ವಾರ ನೋಡಿ, ಕಲ್ಲನ್ನು ತೊಳೆದು, ಒಳಗೆ ತಂದು ಬೆಳ್ಳುಳ್ಳಿ ಜಜ್ಜಲು ಇಟ್ಟುಕೊಂಡಳು.

ಅಣ್ಣ ತಮ್ಮಂದಿರಿಗೆ ಐದು ವರ್ಷ ಮಾತಿಲ್ಲ. ಕಾಗದ ಬಂದರೆ ಚಿಕ್ಕಪ್ಪ ಬಾಗಿಲಾಚೆಯೇ ಸೈಕಲ್ ನಿಲ್ಲಿಸಿ ಎರಡು ಸಲ ಬೆಲ್ ಹೊಡೆದು, ಕಾಗದವನ್ನು ಜಗಲಿಯ ಮೇಲಿಟ್ಟು ಹೋಗುತ್ತಿದ್ದ. ಅಪ್ಪ ಅಲ್ಲೇ ಕೂತಿದ್ದರೂ ಆಕಾಶ ನೋಡುತ್ತಿದ್ದ. ಆದರೆ ಶ್ರಾವಣದ ನಾಲ್ಕು ಸೋಮವಾರ ಬಂದರೆ ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂರಲೇಬೇಕು. ಒಬ್ಬನಿಲ್ಲದೆ ಇನ್ನೊಬ್ಬನ ಬಾಯಿಗೆ ಕೆಲಸವಿಲ್ಲ! ಹಾಗಾಗಿ ಜಗಳವೂ ಪುರಾಣದೊಳಗೇ ನಡೆಯುತ್ತಿತ್ತು. ಅಪ್ಪ ಅರ್ಥ ಹೇಳುತ್ತಾ, “ಕೆಲವ್ರು ಪಟ್ಟಣ ಕಾಡಲ್ಲದೆ ಅಂತ ಉಡುಕ್ಕೊಂಡು ಓಯ್ತಾರೆ, ಪಾಪ” ಎಂದು ಚುಚ್ಚುತ್ತಿದ್ದ. ಚಿಕ್ಕಪ್ಪ ಉತ್ತರ ಕೊಡುವಂತಿಲ್ಲ, ಓದುವ ಬಾಯಿ. ಅದಕ್ಕೇ ‘ಮೂಢನಾದ ಮಂತ್ರಿ’ ಎಂದು ಬರುವ ಸಾಲನ್ನು ಅಪ್ಪನ ಮುಖ ನೋಡಿಕೊಂಡು ಎರಡು ಸಲ ಓದುತ್ತಿದ್ದ. ಜನಕ್ಕೆ ಪುರಾಣಕ್ಕಿಂತ ಇದೇ ರುಚಿ. ಅಕ್ಕಪಕ್ಕದ ಊರಿನವರೂ ಬರತೊಡಗಿದ್ದರು.

ಹೀಗಿರುವಾಗ ನನಗೆ ಮದುವೆ ಗೊತ್ತಾಯಿತು. ಎಂಬತ್ತೊಂದನೆಯ ಇಸವಿಯೋ ಎರಡೋ ಇರಬೇಕು. ಗಂಡು ಸತ್ಯಮಂಗಲದ ಕಡೆಯವರು. ಒಪ್ಪಿಗೆ ಬಂದದ್ದು ಅಂಚೆ ಕಾರ್ಡಿನಲ್ಲಿ. ಹಾಗಾಗಿ ಅಪ್ಪನಿಗಿಂತ ಮೊದಲು ಚಿಕ್ಕಪ್ಪನಿಗೆ ಗೊತ್ತಾಯಿತು. ಬೆಲ್ ಎರಡು ಸಲದ ಬದಲು ಹತ್ತು ಸಲ ಹೊಡೆದ. ನಾನು ಕಿಟಕಿಗೆ ಓಡಿದೆ.

“ಒಳ್ಳೇ ಸಂಬಂಧ ಕಣ ಮಗ” ಎಂದ. ಕಣ್ಣು ತುಂಬಿತ್ತು.

“ಚಿಕ್ಕಪ್ಪ, ನೀನು ಬತ್ತೀಯ ತಾನೆ?”

“ನಿಮ್ಮಪ್ಪ ಬಾಯ್ಬುಟ್ಟು ಕರೀಲಿ, ಕುಣ್ಕೊಂಡು ಬತ್ತೀನಿ. ಕರೀದೆ ಎಂಗೆ ಬರ್ಲಿ?”

ನಾನು ಅಪ್ಪನ ಹತ್ತಿರ ಹೋದೆ. ಅಪ್ಪ ಎಂದಿನ ಹಾಗೆ ಆಕಾಶ ನೋಡಿದ. “ಮನೆ ಮಗನ್ನ ಯಾರಾದ್ರೂ ಕರೀತಾರಾ? ಬಾಗ್ಲು ತೆಗ್ದೇ ಅದೆ, ಬರ್ಲಿ” ಎಂದ.

ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ, ಅಂಚೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸಿದ ಚಿಕ್ಕಪ್ಪನಿಲ್ಲದೆ ನಾನು ಹಸೆಮಣೆ ಏರುವುದೇ? ನನಗೆ ಊಟ ಸೇರದಾಯಿತು. ಅವ್ವ ಹೋಗಿ ಕರೆದಳು. ಚಿಕ್ಕಪ್ಪ ಅತ್ತಿಗೆಯ ಕಾಲು ಮುಟ್ಟಿ ನಮಸ್ಕಾರ ಮಾಡಿ, “ಅಣ್ಣ ಕರೀಲಿ ಅತ್ಗೆ” ಎಂದ, ಅಷ್ಟೇ. ನಮ್ಮ ಕಡೆ ಪತ್ರಿಕೆ ಕೊಟ್ಟರೆ ಸಾಲದು, ಮನೆಯ ಯಜಮಾನ ಬಾಯಿ ತುಂಬ ಕರೆಯಬೇಕು. ಅಪ್ಪನ ಬಾಯಿ ಊರಿಗೆಲ್ಲ ತೆರೆದಿತ್ತು, ತಮ್ಮನೊಬ್ಬನಿಗೆ ಮುಚ್ಚಿತ್ತು.

ಆ ವರ್ಷದ ಶ್ರಾವಣ ಬಂತು. ಮೊದಲ ಮೂರು ಸೋಮವಾರಗಳು ಎಂದಿನ ಚುಚ್ಚುಮಾತಿನಲ್ಲೇ ಕಳೆದವು. ಸತ್ಯಮಂಗಲದಲ್ಲಿ ಅಚ್ಚಾದ ಲಗ್ನಪತ್ರಿಕೆ ಬಂದು ಮನೆಯಲ್ಲಿ ಕೂತಿತ್ತು. ನಾಲ್ಕನೆಯ ಸೋಮವಾರ ಬೆಳಿಗ್ಗೆ ನಾನೊಂದು ಕಿತಾಪತಿ ಮಾಡಿದೆ. ಪುರಾಣದ ಕಟ್ಟನ್ನು ಪೂಜೆಗೆ ಇಡುವ ನೆಪದಲ್ಲಿ, ನಾಲ್ಕನೆಯ ಬಾಗಿಲಿನ ಹಾಳೆಗಳ ನಡುವೆ ಒಂದು ಪತ್ರಿಕೆ ತೂರಿಸಿದೆ. ಅದರಿಂದ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ. ಏನಾದರೂ ಆಗಲಿ ಅಂತಿತ್ತು.

ಮಧ್ಯಾಹ್ನ ಪಡಸಾಲೆ ತುಂಬಿತು. ಚಿಕ್ಕಪ್ಪ ಕಟ್ಟು ಬಿಚ್ಚಿ ಓದುತ್ತಾ ಹೋದ. ಹಾಳೆ ತಿರುಗಿಸಿದವನಿಗೆ ಪತ್ರಿಕೆ ಸಿಕ್ಕಿತು. ನೋಡಿದ. ನನ್ನ ಹೆಸರಿನ ಮೇಲೆ ಬೆರಳಾಡಿಸಿದ. ಆಮೇಲೆ ಅದನ್ನು ಮೆಲ್ಲಗೆ ತೆಗೆದು ಅಪ್ಪನ ಮಂಡಿಯ ಮುಂದೆ ಇಟ್ಟು, ಸಾಲು ಓದಿದ:

“ಅಗುಳಿಯಿಲ್ಲದ ಬಾಗಿಲ ಮುಂದೆ ಅರಸು ಹನ್ನೆರಡು ವರುಷ ನಿಂತಿದ್ದನು. ಒಳಗಿನವರು ಕರೆಯಲಿಲ್ಲ, ಹೊರಗಿನವನು ತಳ್ಳಲಿಲ್ಲ.”

ಈ ಸಾಲಿಗೆ ಅಪ್ಪನ ಅರ್ಥ ನನಗೆ ಬಾಯಿಪಾಠ: ಹೊರಗಿರುವವನು ಜೀವ, ಒಳಗಿರುವುದು ಆತ್ಮ, ಬಾಗಿಲು ನಾನು ಎಂಬ ಹಮ್ಮು. ಅದು ಬೀಗ ಹಾಕಿದಂತೆ ಕಾಣುತ್ತದೆ, ಬೀಗವೇ ಇಲ್ಲ. ಪ್ರತಿ ವರ್ಷ ಇಲ್ಲಿ ಅಪ್ಪ ಕಣ್ಣು ಮುಚ್ಚಿ ಅರ್ಧ ಗಂಟೆ ಹೇಳುತ್ತಿದ್ದ. ಈ ಸಲ ಕಣ್ಣು ತೆರೆದೇ ಇತ್ತು, ಪತ್ರಿಕೆಯ ಮೇಲೆ. ಬಾಯಿ ಬಿಡಲಿಲ್ಲ.

ಪದ್ಧತಿ ಪದ್ಧತಿಯೇ. ಚಿಕ್ಕಪ್ಪ ಎರಡನೆಯ ಸಲ ಓದಿದ. ನಿದ್ದೆ ಹೋಗಿದ್ದವರೂ ಎದ್ದು ಕೂತರು. ಮೂರನೆಯ ಸಲ ‘ಒಳಗಿನವರು ಕರೆಯಲಿಲ್ಲ’ ಎನ್ನುವಲ್ಲಿ ಚಿಕ್ಕಪ್ಪ ಪತ್ರಿಕೆಯ ಕಡೆ ನೋಡಿ ತಡವರಿಸಿದ. ಆದರೂ ಬಿಡಲಿಲ್ಲ, ನಾಲ್ಕನೆಯ ಸಲಕ್ಕೆ ಉಸಿರು ಎಳೆದುಕೊಂಡ. ಹೆಂಗಸರ ನಡುವೆ ಕೂತಿದ್ದ ನಾನು ಅವ್ವನ ಸೆರಗನ್ನು ಹಿಂಡುತ್ತಿದ್ದೆ.

“ನಿಲ್ಸು” ಎಂದ ಅಪ್ಪ. ಆಮೇಲೆ ಜನದ ಕಡೆಗೆ ತಿರುಗಿದ. “ಇದಕ್ಕೆ ಒಳಗಿನ ಅರ್ಥ ಏನೂ ಇಲ್ಲ ಕಣ್ರಪ್ಪ. ಬಾಗ್ಲು ಅಂದ್ರೆ ಬಾಗ್ಲೇ. ಮನೆ ಬಾಗ್ಲು. ಅಗ್ಳಿ ಆಕಿಲ್ಲ, ನಿಜ. ಆದ್ರೆ ಒಳಗಿದ್ದೋನು ಕರೀಬೇಕಾಗಿತ್ತು, ಕರೀನಿಲ್ಲ.” ತಮ್ಮನ ಕಡೆ ತಿರುಗಿ, “ನಾಗ, ಮಗಳ ಮದ್ವೆ ಅದೆ. ಮನೆಗೆ ಬಾರ್ಲಾ” ಎಂದ.

ಚಿಕ್ಕಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಓದುವ ಬಾಯಿ ಮಾತಾಡುವಂತಿಲ್ಲವಲ್ಲ! ಮೊದಲು ಕಟ್ಟನ್ನು ಮುಚ್ಚಿದ, ದಾರ ಸುತ್ತಿ ಗಂಟು ಹಾಕಿದ, ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟ. ಆಮೇಲೆ ಅಳುತ್ತಾ, “ಬತ್ತೀನಿ ಅಣ್ಣ” ಎಂದ. “ಆ ಕಲ್ಲೂ ಅಷ್ಟೆ, ನೀನಂದಂಗೆ ಒರಳೇ ಬುಡು.”

ಎಲ್ಲರ ಕಣ್ಣೂ ಒದ್ದೆಯಾಗಿದ್ದಾಗ ಕಂಬದ ಹತ್ತಿರದಿಂದ ಕೇತಣ್ಣನ ದನಿ ಕೇಳಿತು: “ಯಜಮಾನ್ರೇ, ಬಾಗ್ಲು ಬಾಗ್ಲೇ ಆದ್ರೆ, ಅಂಗಾರೆ ಆನೆನೂ ಆನೆಯೇ ಅಲ್ವಾ?”

“ಊ ಕಣಪ್ಪ, ಆನೆಯೇ!” ಎಂದು ಅಪ್ಪ ಕೈ ಮುಗಿದ. ಆ ನಗು ಜೀರಹಳ್ಳಿಗೂ ಕೇಳಿಸಿರಬೇಕು. ಅವತ್ತು ಅಟ್ಟಣೆಗೆ ಹೋಗುವವರು ತಡವಾಗಿಯೇ ಹೋದರು.

ಕಾರ್ತಿಕದಲ್ಲಿ ನನ್ನ ಮದುವೆಯಾಯಿತು. ಚಿಕ್ಕಪ್ಪ ಚಪ್ಪರ ಹಾಕಿದ, ಅನ್ನ ಬಸಿದ, ಕೊಟ್ಟ ಮಾತಿನಂತೆ ಕುಣಿದೂ ಕುಣಿದ. ಗಂಡನ ಮನೆಗೆ ಹೊರಟಾಗ ಅವ್ವ ನನ್ನ ಸಾಮಾನಿನ ಜೊತೆ ಆ ಕಲ್ಲನ್ನೂ ಚೀಲಕ್ಕೆ ಹಾಕಿ, “ಸಾರಿಗೆ ಬೆಳ್ಳುಳ್ಳಿ ಜಜ್ಜಿ ಆಕು, ಅರೀಬ್ಯಾಡ” ಎಂದು ಅತ್ತಳು. ಅಪ್ಪ, ಚಿಕ್ಕಪ್ಪ ಇಬ್ಬರೂ ನನ್ನನ್ನು ಬಿಡಲು ಬಂದರು. ದಿಂಬಂನಲ್ಲಿ ಬಸ್ಸು ಟೀಗೆ ನಿಂತಿತು. ನಾನು ಮುಂದಿನ ಇಪ್ಪತ್ತೇಳು ತಿರುವು ನೆನೆದು ಹೆದರಿ ಸೀಟಿನಲ್ಲೇ ಕೂತಿದ್ದೆ. ಹೊಸ ಗಂಡನ ಮುಂದೆ ಒಂಬತ್ತನೆಯ ಮೆಟ್ಟಿಲಿನ ಕಥೆ ನಡೆದರೆ ಏನು ಗತಿ ಎಂಬ ಚಿಂತೆ. ಆಚೆ ಟೀ ಅಂಗಡಿಯಲ್ಲಿ ಚಿಕ್ಕಪ್ಪ ನನ್ನ ಗಂಡನಿಗೆ ಏನೋ ಹೇಳಿ ನಗಿಸುತ್ತಿದ್ದ.

ಅಪ್ಪ ನನ್ನ ಪಕ್ಕ ಬಂದು ಕೂತ. ಚೀಲದಿಂದ ಕಲ್ಲನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡ.

“ಇದು ಒರಳಲ್ಲ ಕಣ ಮಗ.”

ನಾನು ಅವನ ಮುಖ ನೋಡಿದೆ.

“ಒರಳಾದ್ರೆ ಕುಟ್ಟಿ ಕುಟ್ಟಿ ತಳ ತರಿ ಆಗಿರ್ತದೆ. ಅವತ್ತು ಇದರ ತಳ ನುಣ್ಣಗಿತ್ತು, ನಿಮ್ಮವ್ವ ಜಜ್ಜಿ ತರಿ ಮಾಡವ್ಳೆ. ಪಕ್ಕ ನೋಡಿಲ್ಲಿ, ಸುತ್ತಾ ಬಳೆ ಬಳೆ ಗೀರು. ಬಾಗ್ಲು ತಿರುಗಿ ತಿರುಗಿ ಸವೆದಿರೋದು.”

“ಯಾವಾಗ ಗೊತ್ತಾಯ್ತಪ್ಪ?”

“ಅವತ್ತೇ. ಬೆರಳು ಆಕ್ದಾಗ್ಲೇ. ಪಟ್ಟಣ ಒರಗೇ ಅದೆ ಅಂದ್ರೆ ನಾನಿಷ್ಟು ವರ್ಷ ಒಳಗದೆ ಅಂದಿದ್ದು ಏನಾಯ್ತದೆ ಅಂತ ಎದೆ ಧಸಕ್ ಅಂತು. ಬಾಯಿಗೆ ಬಂದಿದ್ದು ಒರಳು.”

ನನಗೆ ಸಿಟ್ಟು ಬಂತು, ಅಳುವೂ ಬಂತು. ಅಲ್ಲಿ ಅಂಗಡಿಯ ಮುಂದೆ ಚಿಕ್ಕಪ್ಪ ಅಪ್ಪನಿಗೆಂದು ಒಂದು ಲೋಟ ಟೀ ಹಿಡಿದು, ಚೆಲ್ಲದಂತೆ ನಿಧಾನವಾಗಿ ಬಸ್ಸಿನ ಕಡೆ ಬರುತ್ತಿದ್ದ.

“ಚಿಕ್ಕಪ್ಪನಿಗೆ ಏಳಲ್ವಾ ಅಪ್ಪ?”

“ಏಳಿದ್ನಲ್ಲ.”

“ಯಾವಾಗ?”

“ನಾಕ್ನೇ ಸೋಮವಾರ, ಊರೆಲ್ಲಾ ಕೇಳೋ ಅಂಗೆ. ಬಾಗ್ಲು ಅಂದ್ರೆ ಬಾಗ್ಲೇ ಅಂದ್ನಲ್ಲ ಮಗ, ಇನ್ನೆಂಗೆ ಏಳ್ಲಿ?”